ಆಲೂಗಡ್ಡೆ ಹೊಲದ ಶಾಖ

ಊಮೆಯೊ, 12 ಆಗಸ್ಟ್ 1979

ಪ್ರೀತಿಯ ಅಕ್ಕ,

ನಿನ್ನ ಪತ್ರದಲ್ಲಿ ಜನವರಿ ಕೊನೆಗೆ ಮಗು ಎಂಬ ಸಾಲು ಓದಿ ಬೇಕರಿಯಲ್ಲಿ ಹಿಟ್ಟಿನ ಕೈಯಲ್ಲೇ ಕುಣಿದೆ. ಮುಂದಿನ ಸಾಲು ಓದಿ ನಿಂತೆ. ಮನೆ ಬೆಚ್ಚಗಿಡುವ ನೆಲಮಾಳಿಗೆಯ ಎಣ್ಣೆ ಬಾಯ್ಲರ್ ಸೋರುತ್ತಿದೆ, ಹೊಸದು ಹಾಕಿಸೋಣವೇ ಎಂದು ಕೇಳಿದ್ದೀ. ಬೇಡ. ಒಂದೇ ವರ್ಷದಲ್ಲಿ ಎಣ್ಣೆಯ ಬೆಲೆ ದುಪ್ಪಟ್ಟಾಗಿದೆ. ಎಲ್ಲೋ ಮರಳುಗಾಡಿನಲ್ಲಿ ಯಾರೋ ನಲ್ಲಿ ತಿರುಗಿಸಿದರೆ ಗ್ರಾನ್‌ಸೆಲೆಯಲ್ಲಿ ನಾವಿಬ್ಬರೂ ಬೆಳೆದ ಮನೆಯಲ್ಲಿ ನನ್ನಕ್ಕನ ಕೂಸು ನಡುಗಬೇಕೆ? ಎಣ್ಣೆ ಬೇಡವೆಂದರೆ ಅಣುಸ್ಥಾವರ ಎನ್ನುತ್ತಾರೆ ದೊಡ್ಡವರು. ಅದು ಬೇಕೋ ಬೇಡವೋ ಎಂದು ಬರುವ ವಸಂತದಲ್ಲಿ ದೇಶವೆಲ್ಲ ಮತ ಹಾಕಲಿದೆ. ಎರಡೂ ಬೇಡ ಎನ್ನಲು ದಾರಿಯೊಂದಿದೆ. ಅದರ ಹೆಸರು ಶಾಖಪಂಪು.

ನಗಬೇಡ. ನಿನ್ನ ಫ್ರಿಜ್ಜಿನ ಬೆನ್ನು ಮುಟ್ಟಿ ನೋಡು. ಒಳಗಿನ ಹಾಲಿನಿಂದ ಕಿತ್ತ ಬಿಸಿ ಅಲ್ಲಿ ಹೊರಬೀಳುತ್ತದೆ. ಇದೂ ಅದೇ ಫ್ರಿಜ್ಜು. ಹಾಲಿನ ಬದಲು ಹೊರಗಿನ ಗಾಳಿಯನ್ನೋ ಮಣ್ಣನ್ನೋ ತಣ್ಣಗಾಗಿಸಿ, ಕಿತ್ತ ಬಿಸಿಯನ್ನು ಮನೆಯ ಬಿಸಿನೀರಿನ ಕೊಳವೆಗಳಿಗೆ ಕೊಡುತ್ತದೆ. ಒಂದು ಪಾಲು ಕರೆಂಟು ತಿಂದರೆ ಮೂರು ಪಾಲು ಬಿಸಿ.

ನಾನು ಇಂಜಿನಿಯರಲ್ಲ, ಹಿಟ್ಟು ನಾದುವವಳು. ಆದರೆ ಕೈಗೆ ಸಿಕ್ಕ ಕರಪತ್ರಗಳನ್ನೆಲ್ಲ ಅಂಚು ಹರಿಯುವವರೆಗೆ ಓದಿದ್ದೇನೆ. ಗಾಳಿಯಿಂದ ಎಳೆಯುವ ಯಂತ್ರ ಅಗ್ಗ, ಇಪ್ಪತ್ತೆರಡು ಸಾವಿರ ಕ್ರೋನಾ. ಆದರೆ ಸೊನ್ನೆಯ ಕೆಳಗೆ ಹದಿನೈದಕ್ಕೆ ಇಳಿದರೆ ಅದು ಹಿಮಗಟ್ಟಿ ಮಲಗುತ್ತದೆ. ದಕ್ಷಿಣದವರು ಇಟ್ಟುಕೊಳ್ಳಲಿ. ಬಂಡೆ ಕೊರೆದು ಕೊಳವೆ ಇಳಿಸುವುದು ಎಲ್ಲಕ್ಕಿಂತ ಗಟ್ಟಿ, ಆದರೆ ಕೊರೆಯುವ ಖರ್ಚೇ ಯಂತ್ರದಷ್ಟು. ಅರವತ್ತು ಸಾವಿರ ದಾಟುತ್ತದೆ. ಸರೋವರದ ತಳದಲ್ಲಿ ಹಾಸಬಹುದು, ನಿಮ್ಮ ಮನೆಗೆ ಸರೋವರ ದೂರ. ಉಳಿದದ್ದು ಮಣ್ಣು. ಆಲೂಗಡ್ಡೆ ಹೊಲದಲ್ಲಿ ಒಂದು ಮೀಟರ್ ಆಳಕ್ಕೆ ಪ್ಲಾಸ್ಟಿಕ್ ಕೊಳವೆಯನ್ನು ಹಾವಿನ ಹಾಗೆ ಸುತ್ತಾಡಿಸಿ ಹೂಳುವುದು. ಅಗೆಯಲು ಭಾವನಿಗೆ ತೋಳಿದೆ. ಯಂತ್ರದ ಗಾತ್ರ ನೋಡಿಕೊಂಡು ಮೂವತ್ತನಾಲ್ಕರಿಂದ ನಲವತ್ತೈದು ಸಾವಿರ.

ಗಾತ್ರ ಆರಿಸಲು ನನಗೆ ಒಂದೇ ಉತ್ತರ ಬೇಕು: ಮನೆ ಬೆಚ್ಚಗಿಡಲು ವರ್ಷಕ್ಕೆ ಎಷ್ಟು ಸುಡುತ್ತೀರಿ? ಮಗು ಬರುವ ಮೊದಲು ಆ ಮನೆಯ ಗೋಡೆಗಳು ಬೆಚ್ಚಗಿರುತ್ತವೆ. ಇದು ನನ್ನ ಮಾತು.

ನಿನ್ನ ಡೀಸಾ


ಗ್ರಾನ್‌ಸೆಲೆ, 20 ಆಗಸ್ಟ್

ಪ್ರೀತಿಯ ಡೀಸಾ,

ಪತ್ರದಲ್ಲೇ ಬರೆ, ಫೋನ್ ಮಾಡಬೇಡ. ಫೋನಿನಲ್ಲಿ ನೀನು ಭಾಷಣ ಮಾಡುತ್ತೀ, ನಾನು ಹ್ಞೂಂಗುಟ್ಟುತ್ತೇನೆ, ಆಮೇಲೆ ಯಾವುದಕ್ಕೆ ಒಪ್ಪಿದೆನೆಂದೇ ತಿಳಿಯುವುದಿಲ್ಲ.

ಎಣ್ಣೆಯ ರಸೀದಿಗಳನ್ನು ನೋಡಿದೆ. ವರ್ಷಕ್ಕೆ ಎರಡೂವರೆ ಘನ ಮೀಟರ್. ಮೂರು ವರ್ಷದಿಂದಲೂ ಹೆಚ್ಚುಕಡಿಮೆ ಅಷ್ಟೇ. ನಾವು ಹಿಡಿತದಲ್ಲಿ ಬದುಕುವವರು.

ಹೆಲ್ಗೆಗೆ ನಿನ್ನ ಪತ್ರ ಓದಿ ಹೇಳಿದೆ. "ಆಲೂಗಡ್ಡೆ ಹೊಲದಿಂದ ಬಿಸಿ ತೆಗೀತಾಳಂತಾ ನಿನ್ನ ತಂಗಿ? ಹಾಗಾದ್ರೆ ನಮ್ಮ ಹೋರಿಯಿಂದ ಹಾಲೂ ಕರ್ಕೊಡ್ಲಿ" ಎಂದ. ಬೆಳಿಗ್ಗೆ ಕಿಟಕಿಯಲ್ಲಿ ನೋಡಿದರೆ ಹೊಲದಲ್ಲಿ ಹೆಜ್ಜೆ ಹಾಕಿ ಅಳೆಯುತ್ತಿದ್ದಾನೆ. ಅವನಿಗೂ ಎಣ್ಣೆ ಸಾಕಾಗಿದೆ. ಆದರೆ ವಿದ್ಯುತ್ ಕಂಪನಿಯನ್ನು ಅವನೆದುರು ಬೈಯಬೇಡ. ಅವರ ತಂತಿಗಳ ಕೆಳಗೆ ಬೆಳೆದ ಮರ ಕಡಿಯುವುದೇ ಅವನಿಗೆ ಚಳಿಗಾಲದ ಕೆಲಸ.

ಬ್ಯಾಂಕಿನವನು ಸಾಲಕ್ಕೆ ಒಪ್ಪುತ್ತಾನಂತೆ. ಒಂದೇ ಚಿಂತೆ. ಮೇ ತಿಂಗಳಲ್ಲಿ ಹಿಮ ಕರಗಿದ ನೀರು ನೆಲಮಾಳಿಗೆಗೆ ನುಗ್ಗುತ್ತದೆ, ಬಾಯ್ಲರಿನ ಕಾಲು ತುಕ್ಕು ತಿಂದದ್ದೂ ಅದಕ್ಕೇ. ಹೊಸ ಯಂತ್ರ ಎಲ್ಲಿಡುವುದು? ಅಡುಗೆಮನೆಯ ಒಲೆ ಪಕ್ಕ ಕೂತು ಬರೆಯುತ್ತಿದ್ದೇನೆ, ಕಾಫಿ ಉಕ್ಕುತ್ತಿದೆ, ನಿಲ್ಲಿಸುತ್ತೇನೆ.

ಗುನ್ವೋರ್


ಊಮೆಯೊ, 27 ಆಗಸ್ಟ್

ಅಕ್ಕ,

ಎರಡೂವರೆ ಎಂದರೆ ಬಹಳ ಕಡಿಮೆ. ಕರಪತ್ರದ ಕೋಷ್ಟಕದಲ್ಲಿ ಬೆರಳಿಟ್ಟು ನೋಡಿದೆ. ಚಿಕ್ಕ ಯಂತ್ರ ಸಾಕು, ಮೂವತ್ತನಾಲ್ಕು ಸಾವಿರದ್ದು. ಮಾರುವವನು ದೊಡ್ಡದನ್ನೇ ಹೊಗಳುತ್ತಾನೆ, ಬಗ್ಗಬೇಡ. ಹನ್ನೊಂದು ಸಾವಿರ ಅವನ ಜೇಬಿಗೆ ಯಾಕೆ?

ಎಲ್ಲಿಡುವುದು ಎಂದು ಕೇಳಿದೆಯಲ್ಲ, ಅಡುಗೆಮನೆಯಲ್ಲಿ, ಆ ಕಪ್ಪು ಒಲೆಯ ಜಾಗದಲ್ಲಿ. ಅದನ್ನು ಹೊರಗೆ ಹಾಕಿಸು. ಕರೆಂಟಿನ ಒಲೆ ಕೊಂಡುಕೊ. ಎಳೆಯ ಕೂಸಿನ ಮನೆಯಲ್ಲಿ ಹೊಗೆ, ಬೂದಿ, ಮಸಿ ಯಾಕೆ? ಅಜ್ಜಿ, ಅಮ್ಮ, ನೀನು, ಮೂರು ತಲೆಮಾರು ಆ ಕಬ್ಬಿಣದ ಮುಂದೆ ಬಗ್ಗಿದ್ದು ಸಾಕು. ಬಾಯ್ಲರನ್ನು ಗುಜರಿಗೆ ಕೊಡು. ಹಳೆಯದು ಮನೆಯಲ್ಲಿದ್ದರೆ ಮನಸ್ಸು ಹಿಂದಕ್ಕೆ ಎಳೆಯುತ್ತದೆ.

ಡೀಸಾ


ಗ್ರಾನ್‌ಸೆಲೆ, 14 ಅಕ್ಟೋಬರ್

ಡೀಸಾ,

ಆಯಿತು. ಹೆಲ್ಗೆ ಬಾಡಿಗೆಯ ಅಗೆಯುವ ಯಂತ್ರ ತಂದು ಹೊಲವನ್ನೆಲ್ಲ ಸೀಳಿದ, ಕೊಳವೆ ಹೂತ, ಮುಚ್ಚಿದ. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. "ಯಾರನ್ನ ಹೂಳ್ತಿದೀಯಾ ಹೆಲ್ಗೆ?" ಎಂದು ಕೇಳಿದವನಿಗೆ "ನಾದಿನಿಯ ಭಾಷಣಗಳನ್ನ" ಎಂದನಂತೆ.

ನಾಲ್ಕು ಜನ ಸೇರಿ ಒಲೆಯನ್ನು ಕೊಟ್ಟಿಗೆಗೆ ಹೊತ್ತರು. ನೋಡಲು ಬಂದಿದ್ದ ಅತ್ತೆ ಅದನ್ನು ಗುಜರಿಗೆ ಕೊಡಲು ಬಿಡಲಿಲ್ಲ. ಬಾಯ್ಲರ್ ಹೋಯಿತು. ಯಂತ್ರ ಬಿಳಿ ಬೀರುವಿನ ಹಾಗೆ ನಿಂತು ಗುಂಯ್‌ಗುಡುತ್ತದೆ. ಮಾರುವವನು ಎರಡು ಸಲ ಕೇಳಿದ, ಚಿಕ್ಕದೇ ಸಾಕೇ ಎಂದು. ನೀನು ಹೇಳಿದಂತೆ ಬಗ್ಗಲಿಲ್ಲ. ಮನೆ ಇಪ್ಪತ್ತೊಂದು ಡಿಗ್ರಿ. ಹೊಗೆ ಇಲ್ಲ. ಹೆಲ್ಗೆ ಬರಿಗಾಲಲ್ಲಿ ಓಡಾಡುತ್ತಾನೆ, ನಿನ್ನನ್ನು ಹೊಗಳುವುದಿಲ್ಲ, ಆದರೆ ಬರಿಗಾಲಲ್ಲಿ ಓಡಾಡುತ್ತಾನೆ.

ಗುನ್ವೋರ್


ಊಮೆಯೊ, 5 ನವೆಂಬರ್

ಅಕ್ಕ,

ನಿನ್ನ ಪತ್ರವನ್ನು ನಮ್ಮ ಅಣುವಿರೋಧಿ ಗುಂಪಿನ ಸಭೆಯಲ್ಲಿ ಓದಿದೆ. ಚಪ್ಪಾಳೆ ಬಿತ್ತು. ಬಿರ್ಗರ್ ಎಂಬ ಮೇಷ್ಟ್ರು ನಮ್ಮ ಅಧ್ಯಕ್ಷ, ಯಾರನ್ನೂ ಸುಲಭಕ್ಕೆ ಮೆಚ್ಚುವವನಲ್ಲ. ಅವನೇ ಎದ್ದು, "ಇಂಥ ಮನೆ ಒಂದು ಸಾಕು ಕಣಮ್ಮ, ನೂರು ಭಾಷಣಕ್ಕೆ ಸಮ" ಎಂದ.

ಹಾಗಾಗಿ ಅಣುಸ್ಥಾವರಗಳ ವಿರುದ್ಧದ ನಮ್ಮ ಹೊಸ ಕರಪತ್ರದ ನಡುಪುಟದಲ್ಲಿ ನಿಮ್ಮ ಮನೆ. ಬರೆದವಳು ನಾನು. ಮೊದಲ ಸಾಲು ಕೇಳು: "ಗ್ರಾನ್‌ಸೆಲೆಯ ಈ ಮನೆಯಲ್ಲಿ ಒಂದು ತೊಟ್ಟು ಎಣ್ಣೆ ಸುಡುವುದಿಲ್ಲ, ಒಂದು ಕಡ್ಡಿ ಸೌದೆ ಸುಡುವುದಿಲ್ಲ; ಎಂಥ ಚಳಿಗೂ ಇಪ್ಪತ್ತೊಂದು ಡಿಗ್ರಿ." ಕೆಳಗೆ ನಾಲ್ಕೂ ಬಗೆಯ ಯಂತ್ರಗಳ ಖರ್ಚಿನ ಕೋಷ್ಟಕ. ಮೂರು ಸಾವಿರ ಪ್ರತಿ. ಮತದಾನಕ್ಕೆ ಮೊದಲು ಮಾರ್ಚಿನಲ್ಲಿ ಒಂದು ಬಸ್ಸು ಮಾಡಿ ಜನರನ್ನು ಕರೆತಂದು ತೋರಿಸುತ್ತೇವೆ. ನೀನು ಕಾಫಿ ಕೊಟ್ಟರೆ ಸಾಕು.

ಡೀಸಾ


ಗ್ರಾನ್‌ಸೆಲೆ, 16 ಡಿಸೆಂಬರ್

ಡೀಸಾ,

ಚೆನ್ನಾಗಿದ್ದೇವೆ. ಮಗು ಒದೆಯುತ್ತಿದೆ. ಮಹಡಿಯ ಕೋಣೆಗಳನ್ನು ಮುಚ್ಚಿದ್ದೇವೆ, ಗುಡಿಸುವ ಕೆಲಸ ಕಡಿಮೆಯಾಯಿತು. ಅಕ್ಷರ ಸೊಟ್ಟಗಿವೆ, ಕ್ಷಮಿಸು. ಉಣ್ಣೆಯ ಕೈಗವಸು ಹಾಕಿ ಬರೆಯುವುದು ರೂಢಿಯಿಲ್ಲ. ಹಬ್ಬಕ್ಕೆ ಬರಬೇಡ. ದಾರಿ ಚೆನ್ನಾಗಿಲ್ಲ.

ಗುನ್ವೋರ್


ಅತ್ತೆಯ ಮನೆ, 20 ಜನವರಿ 1980

ಡೀಸಾ,

ಮೇಲಿನ ವಿಳಾಸ ನೋಡಿದೆಯಲ್ಲ. ಇಲ್ಲಿಗೆ ಬಂದು ಒಂದು ವಾರವಾಯಿತು.

ನಿನ್ನ ಕರಪತ್ರ ಹೊಸ ವರ್ಷಕ್ಕೆ ಬಂತು. ಅದನ್ನು ಓದಿದ ದಿನ ಒಳಗೆ ಹದಿಮೂರು ಡಿಗ್ರಿ ಇತ್ತು. ಹೊರಗೆ ಸೊನ್ನೆಯ ಕೆಳಗೆ ಮೂವತ್ತನಾಲ್ಕು. ಯಂತ್ರ ಒಂದು ಕ್ಷಣವೂ ನಿಲ್ಲುವುದಿಲ್ಲ, ಪಾಪ, ಹಗಲೂ ರಾತ್ರಿ ಗುಂಯ್‌ಗುಡುತ್ತದೆ. ಸಾಲದಾದಾಗ ಅದರೊಳಗಿನ ಕರೆಂಟಿನ ಕಾಯಿಲ್ ತಾನೇ ಹತ್ತಿಕೊಳ್ಳುತ್ತದೆ. ಆಗ ನಾನು ಅಡುಗೆಗೆ ಕರೆಂಟಿನ ಒಲೆ ಹಾಕಿದರೆ ಮನೆಯ ಫ್ಯೂಸು ಹೋಗುತ್ತದೆ. ಬೇಯಿಸುವುದೋ ಬೆಚ್ಚಗಿರುವುದೋ, ಒಂದನ್ನು ಆರಿಸಬೇಕು. ಡಿಸೆಂಬರಿನಿಂದಲೇ ಹೀಗೆ. ನಿನಗೆ ಹೇಳಲಿಲ್ಲ. ನೀನು ಅಷ್ಟು ಖುಷಿಯಲ್ಲಿದ್ದೆ.

ಹಳ್ಳಿಯ ದಾದಿ ನನ್ನ ಹೊಟ್ಟೆ ನೋಡಲು ಬಂದವಳು ಮೊದಲು ಗೋಡೆಯ ಮೇಲೆ ಕೈಯಿಟ್ಟಳು. ಮೂಲೆಯಲ್ಲಿ ಹಿಮದ ಪೊರೆ ಇತ್ತು. "ಈ ಮನೆಗೆ ಕೂಸು ತರೋ ಹಾಗಿಲ್ಲ ಗುನ್ವೋರ್. ಇವತ್ತೇ ಬಟ್ಟೆ ಕಟ್ಟು" ಎಂದಳು. ಹೆಲ್ಗೆ ಸಾಲ ಮಾಡಿ ತಂದ ಯಂತ್ರದ ಮುಂದೆ ನಿಂತು ಅದನ್ನೇ ನೋಡುತ್ತಿದ್ದ.

ಬಸ್ಸು ಕರೆತರಬೇಡ. ಏನು ತಪ್ಪಾಗಿದೆ ಎಂದು ಹೇಳು. ಹತ್ತು ದಿನದಲ್ಲಿ ಹೆರಿಗೆ. ಮಗುವಿಗೆ ತನ್ನದೊಂದು ಬೆಚ್ಚನೆಯ ಮನೆ ಬೇಕು, ನನಗೆ ಬೇರೆ ಏನೂ ಬೇಡ.

ಗುನ್ವೋರ್


ಊಮೆಯೊ, 24 ಜನವರಿ

ಅಕ್ಕ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ನಂಬಲಾಗುತ್ತಿಲ್ಲ. ಕೋಷ್ಟಕ ಸುಳ್ಳು ಹೇಳುವುದಿಲ್ಲ. ಎರಡೂವರೆ ಘನ ಮೀಟರ್ ಎಣ್ಣೆ ಕೊಡುತ್ತಿದ್ದ ಬಿಸಿಯನ್ನು ಆ ಯಂತ್ರ ಕೊಟ್ಟೇ ಕೊಡುತ್ತದೆ. ಕೊಡುತ್ತಿಲ್ಲವೆಂದರೆ ಯಾರೋ ಕೊಡಲು ಬಿಡುತ್ತಿಲ್ಲ.

ಬರೆಯಲು ಕಷ್ಟ, ಆದರೂ ಬರೆಯುತ್ತೇನೆ. ಭಾವ ಯಾರ ಸಂಬಳ ತಿನ್ನುತ್ತಾನೆ? ವಿದ್ಯುತ್ ಕಂಪನಿಯದು. ಮಾರ್ಚಿನ ಮತದಾನದಲ್ಲಿ ಅಣುಸ್ಥಾವರ ಗೆಲ್ಲಲು ಆ ಕಂಪನಿಗೆ ಏನು ಬೇಕು? ಶಾಖಪಂಪಿನ ಮನೆ ಸೋಲಬೇಕು. ಯಂತ್ರದ ಬಾಗಿಲನ್ನು ಅವನು ತೆರೆದಿದ್ದಾನೆಯೇ? ಯಾವುದಾದರೂ ತಿರುಪು ತಿರುಗಿಸಿದ್ದಾನೆಯೇ? ಕೇಳು. ಕಣ್ಣಲ್ಲಿ ಕಣ್ಣಿಟ್ಟು ಕೇಳು. ಮೊದಲ ದಿನದಿಂದಲೂ ನಕ್ಕವನು ಅವನು.

ಮೂರು ಸಾವಿರ ಕರಪತ್ರ ಅಚ್ಚಾಗಿದೆ. ಅರ್ಧ ಈಗಾಗಲೇ ಜನರ ಕೈಯಲ್ಲಿದೆ.

ಡೀಸಾ


ಅತ್ತೆಯ ಮನೆ, 12 ಫೆಬ್ರವರಿ

ಡೀಸಾ,

ಹೆಣ್ಣು ಮಗು. 29ರಂದು ಹುಟ್ಟಿತು. ಸಿಗ್ನೆ ಎಂದು ಕರೆದಿದ್ದೇವೆ. ಆರೋಗ್ಯವಾಗಿದೆ. ನೀನು ಕೇಳಲಿಲ್ಲ, ಆದರೂ ಹೇಳುತ್ತಿದ್ದೇನೆ.

ನಿನ್ನ ಪತ್ರ ಬಂದಾಗ ನಾನು ಆಸ್ಪತ್ರೆಯಲ್ಲಿದ್ದೆ. ಮಗು ಹುಟ್ಟುವುದಕ್ಕೆ ಶುಭ ಕೋರಿ ಬರೆದಿದ್ದೀ ಎಂದುಕೊಂಡು ಹೆಲ್ಗೆ ಒಡೆದು ಓದಿದ. ಅದರ ಬಗ್ಗೆ ನನ್ನೊಡನೆ ಆಡಿದ್ದು ಎರಡೇ ಮಾತು. "ಆ ಕೊಳವೆ ಹೂಳೋಕೆ ಕೈ ಬೊಬ್ಬೆ ಬಂದಿದ್ದು ಅವಳಿಗಲ್ಲ ಕಣೆ. ಕಳ್ಳ ಅಂದ್ಲು, ಅನ್ನಲಿ, ಆದ್ರೆ ನನ್ನ ಮಗೂನ ಚಳೀಲಿ ಇಡೋನು ಅಂದ್ಲು."

ಅವನು ದಿನಾ ಕೆಲಸ ಮುಗಿಸಿ ನಮ್ಮ ಮನೆಗೆ ಹೋಗಿ ನೀರಿನ ಕೊಳವೆ ಒಡೆಯದಂತೆ ನೋಡಿಕೊಂಡು ಬರುತ್ತಾನೆ. ಬಂದು ಒಂದೇ ಗೊಣಗಾಟ. ಸೌದೆಮನೆ ತುಂಬ ಭೂರ್ಜ ಮರದ ಸೌದೆ ಹಾಗೇ ಕೂತಿದೆಯಂತೆ, ಎಂಟು ಟ್ರೇಲರ್. ಎಷ್ಟೇ ಒಟ್ಟಿದರೂ ಈಸ್ಟರ್ ಹೊತ್ತಿಗೆ ನೆಲ ಕಾಣುತ್ತಿತ್ತು, ನನ್ನ ಕಾಫಿ ಪಾತ್ರೆಯ ಕೆಳಗೇ ಎಲ್ಲ ಹೋಗುತ್ತಿತ್ತು. ಈ ವರ್ಷ ಇಲಿ ಗೂಡು ಕಟ್ಟಿವೆಯಂತೆ.

ಅವನಿಗೆ ಪತ್ರ ಬರೆಯಬೇಡ. ನನಗೂ ಸದ್ಯ ಬೇಡ.

ಗುನ್ವೋರ್


ಊಮೆಯೊ, 15 ಫೆಬ್ರವರಿ

ಅಕ್ಕ,

ಬರೆಯಬೇಡ ಎಂದಿದ್ದೀ. ಇದನ್ನು ಓದಿ ಆಮೇಲೆ ಹರಿದುಹಾಕು.

ಎಂಟು ಟ್ರೇಲರ್ ಸೌದೆ. ಅದೇ ತಪ್ಪು. ಯಂತ್ರ ಕೆಟ್ಟಿಲ್ಲ, ಭಾವ ಏನೂ ಮಾಡಿಲ್ಲ. ಮನೆ ಬೆಚ್ಚಗಿಡಲು ಎಷ್ಟು ಸುಡುತ್ತೀರಿ ಎಂದು ಕೇಳಿದೆ. ನೀನು ಎಣ್ಣೆ ಎಷ್ಟೆಂದು ಹೇಳಿದೆ. ಆದರೆ ನಿನ್ನ ಮನೆಯನ್ನು ಅರ್ಧ ಬೆಚ್ಚಗಿಟ್ಟಿದ್ದು ಆ ಕಪ್ಪು ಒಲೆ. ಸೆಪ್ಟೆಂಬರಿನಿಂದ ಮೇವರೆಗೆ ಅದು ಆರಿದ್ದೇ ಇಲ್ಲ. ಲೆಕ್ಕ ಹಾಕಿದೆ: ಆ ಸೌದೆಯ ಬಿಸಿ ಎಣ್ಣೆಯ ಬಿಸಿಗೆ ಹತ್ತಿರ ಹತ್ತಿರ ಸಮ. ನಾನು ಅರ್ಧ ಮನೆಗೆ ಸಾಲುವ ಯಂತ್ರ ಆರಿಸಿದೆ, ಅದರ ಮೇಲೆ ಉಳಿದರ್ಧವನ್ನು ಕಾಯಿಸುತ್ತಿದ್ದ ಒಲೆಯನ್ನೂ ಹೊರಗೆ ಹಾಕಿಸಿದೆ.

ನೀನು ಸುಳ್ಳು ಹೇಳಲಿಲ್ಲ. ನಮ್ಮ ಕಡೆ ಆ ಒಲೆಯನ್ನು ಯಾರು ಬಿಸಿಯ ಲೆಕ್ಕಕ್ಕೆ ಹಿಡಿಯುತ್ತಾರೆ? ಅದು ಕಾಫಿ ಒಲೆ. ಸೌದೆ ನಮ್ಮದೇ ಕಾಡಿನದು, ಅದಕ್ಕೆ ರಸೀದಿಯಿಲ್ಲ. ಅಮ್ಮನನ್ನು ಕೇಳಿದ್ದರೂ ಎಣ್ಣೆಯನ್ನೇ ಹೇಳುತ್ತಿದ್ದಳು. ಆದರೆ ನಾನು ಅದೇ ಒಲೆಯ ಬೆನ್ನಿಗೆ ಬೆನ್ನು ಕೊಟ್ಟು ಬೆಳೆದವಳು, ಅಲ್ಲೇ ಸಾಕ್ಸು ಒಣಗಿಸಿದವಳು. ಕೋಷ್ಟಕ ಬರೆದ ಸ್ಟಾಕ್‌ಹೋಮಿನವನಿಗೆ ಅದು ಗೊತ್ತಿಲ್ಲದಿರಬಹುದು. ನನಗೆ ಗೊತ್ತಿತ್ತು.

ಒಲೆಯನ್ನು ಕೊಟ್ಟಿಗೆಯಿಂದ ಒಳಗೆ ತರಿಸು. ಚಿಮಣಿಗೆ ನಡುಮನೆಯ ಕಡೆಯಿಂದಲೂ ಒಂದು ಬಾಯಿ ಇದೆಯಲ್ಲ, ಅಲ್ಲಿಗೆ ಕೂರಿಸಬಹುದು. ಭಾವನಿಗೆ ಏನು ಹೇಳಲಿ ಎಂದು ತಿಳಿಯುತ್ತಿಲ್ಲ. ಕ್ಷಮಿಸು ಎಂಬ ಮಾತು ಚಿಕ್ಕದು. ಅದಕ್ಕಿಂತ ದೊಡ್ಡದು ನನ್ನಲ್ಲಿಲ್ಲ.

ಡೀಸಾ


ಅತ್ತೆಯ ಮನೆ, 22 ಫೆಬ್ರವರಿ

ಡೀಸಾ,

ಒಲೆ ನಡುಮನೆಯಲ್ಲಿ ಕೂತಿದೆ. ಕ್ರಿಸ್ಮಸ್ಸಿಗೂ ಸಾವಿಗೂ ಮಾತ್ರ ಬಾಗಿಲು ತೆರೆಯುವ ಕೋಣೆಯಲ್ಲಿ ಅಡುಗೆ ಒಲೆ ನೋಡಿ ಅತ್ತೆ ಎದೆ ಹಿಡಿದುಕೊಂಡರು. "ಇನ್ನು ದನಾನೂ ಇಲ್ಲೇ ಕಟ್ಟಿ" ಎಂದರು. ಗೋಡೆಗಳು ಬೆಚ್ಚಗಾಗಲು ಕಾಯುತ್ತಿದ್ದೇವೆ. ದಾದಿ ಒಪ್ಪಿದ ಮೇಲೆ ಹೋಗುತ್ತೇವೆ.

ನಿನ್ನ ಪತ್ರ ಹರಿದಿಲ್ಲ. ಆದರೆ ಹೇಳು, ಆ ಕರಪತ್ರದ ಕತೆ ಏನು? ಅದನ್ನು ನಂಬಿ ಇನ್ನೊಬ್ಬ ಬಸುರಿ ತನ್ನ ಒಲೆ ಹೊರಗೆ ಹಾಕಿಸಿದರೆ?

ಗುನ್ವೋರ್


ಊಮೆಯೊ, 3 ಮಾರ್ಚ್

ಅಕ್ಕ,

ಸಭೆಯಲ್ಲಿ ಎದ್ದು ಹೇಳಿದೆ. ನಡುಪುಟ ತಪ್ಪು, ಉಳಿದ ಪ್ರತಿಗಳಲ್ಲಿ ತಿದ್ದುಪಡಿ ಅಂಟಿಸೋಣ ಎಂದೆ. ಬಿರ್ಗರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಡೀಸಾ, ಮತದಾನಕ್ಕೆ ಇನ್ನು ಮೂರು ವಾರ. ಒಂದು ಅಂಕಿಗೋಸ್ಕರ ದೋಣಿ ಮುಳುಗಿಸ್ತೀಯಾ?"

"ಅಂಕಿ ಅಲ್ಲ, ಅದು ನಮ್ಮಕ್ಕ."

"ಆ ಕಡೆಯವ್ರು ದಿನಾ ಎಷ್ಟು ಸುಳ್ಳು ಹೇಳ್ತಾರೆ ಗೊತ್ತಲ್ಲ?"

"ಅವ್ರದ್ದು ಅವ್ರು ಹೇಳ್ಕೊಳ್ಳಲಿ. ನಮ್ಮದನ್ನ ನಾವು ತಿದ್ಕೊಳ್ಳೋಣ."

"ಗೆದ್ದ ಮೇಲೆ ತಿದ್ದೋಣ ಮರಿ. ಸೋತೋರ ತಿದ್ದುಪಡಿ ಯಾರು ಓದ್ತಾರೆ?"

ಕೈ ಎತ್ತಿಸಿದರು. ನನ್ನ ಕಡೆ ನನ್ನ ಕೈ, ಮತ್ತೆ ಅಚ್ಚಿನ ಯಂತ್ರ ತಿರುಗಿಸುವ ಮುದುಕಿಯ ಕೈ. ಅಷ್ಟೇ.

ಆ ಮುದುಕಿಯೂ ನಾನೂ ಸೇರಿ ತಿದ್ದುಪಡಿಯನ್ನು ಅಚ್ಚು ಮಾಡಿದೆವು. ಈ ಮನೆ ಚಳಿಯಲ್ಲಿ ಬೆಚ್ಚಗಿರಲಿಲ್ಲ; ಚಿಕ್ಕ ಯಂತ್ರ ಆರಿಸಿದ್ದು ತಪ್ಪು; ನಿಮ್ಮ ಮನೆಗೆ ಲೆಕ್ಕ ಹಾಕುವಾಗ ಕೊಂಡ ಎಣ್ಣೆಯನ್ನಷ್ಟೇ ಅಲ್ಲ, ಕಡಿದ ಸೌದೆಯನ್ನೂ ಕೂಡಿಸಿ; ದೊಡ್ಡ ಯಂತ್ರಕ್ಕೆ ಹನ್ನೊಂದು ಸಾವಿರ ಹೆಚ್ಚು, ಅದು ದಂಡವಲ್ಲ; ಹಳೆಯ ಒಲೆಯನ್ನು ಒಂದು ಚಳಿಗಾಲ ಕಳೆಯುವವರೆಗೆ ಕೀಳಬೇಡಿ. ಕೊನೆಗೆ ನನ್ನ ಹೆಸರು, ವಿಳಾಸ. ಚೌಕದಲ್ಲಿ ನಿಂತು ಕರಪತ್ರದ ಜೊತೆಗೇ ಹಂಚಿದೆ. ಈಗ ಗುಂಪಿನ ಕೋಣೆಯ ಬೀಗದ ಕೈ ನನ್ನ ಬಳಿ ಇಲ್ಲ.

ನಾನು ಬದಲಾಗಿಲ್ಲ ಅಕ್ಕ. ಎಣ್ಣೆಯೂ ಬೇಡ, ಅಣುವೂ ಬೇಡ, ಇವತ್ತಿಗೂ ಅದೇ ಮಾತು. ಆದರೆ ಅದನ್ನು ನಿನ್ನ ಚಳಿಯ ಮೇಲೆ ನಿಂತು ಹೇಳಲಾರೆ.

ಬಸ್ಸು ಭಾನುವಾರ ಬರುತ್ತದೆ. ತಡೆಯಲು ಆಗಲಿಲ್ಲ. ಬಾಗಿಲು ನಿನ್ನದು. ತೆರೆಯುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ಡೀಸಾ


ಗ್ರಾನ್‌ಸೆಲೆ, ನಮ್ಮ ಮನೆ, 8 ಏಪ್ರಿಲ್

ಪ್ರೀತಿಯ ಡೀಸಾ,

ತಡವಾಯಿತು. ಮನೆಗೆ ಮರಳಿದ ಮೇಲೆ ಕೂರಲು ಪುರುಸೊತ್ತಿಲ್ಲ.

ಬಸ್ಸಿಗೆ ಬಾಗಿಲು ತೆರೆದೆ. ಅಷ್ಟು ದೂರದಿಂದ ಬಂದವರನ್ನು ಹಿಮದಲ್ಲಿ ನಿಲ್ಲಿಸಲಾಗುತ್ತದೆಯೇ? ನಿನ್ನ ಬಿರ್ಗರ್ ಮೇಷ್ಟ್ರು ಗೋಡೆಯ ಉಷ್ಣಮಾಪಕ ತೋರಿಸಿ, "ನೋಡಿ, ಹೊರಗೆ ಸೊನ್ನೆಯ ಕೆಳಗೆ ಹದಿನೆಂಟು, ಒಳಗೆ ಇಪ್ಪತ್ತು" ಎಂದು ಶುರು ಮಾಡಿದ.

"ಅದ್ರಲ್ಲಿ ಅರ್ಧ ಒಲೇದು ಮೇಷ್ಟ್ರೇ" ಎಂದೆ.

ಒಬ್ಬ ಹೆಂಗಸು, ಅವಳಿಗೂ ಆರೇಳು ತಿಂಗಳಿರಬೇಕು, "ಹಾಗಾದ್ರೆ ಈ ಯಂತ್ರ ಬೇಡ ಅಂತೀರಾ?" ಎಂದು ಕೇಳಿದಳು. ನಿನ್ನಂತೆ ಭಾಷಣ ಬರುವುದಿಲ್ಲ ನನಗೆ. ಇದ್ದದ್ದು ಹೇಳಿದೆ. ಚಳಿ ಕಡಿಮೆ ಇದ್ದಾಗ ಇದೊಂದೇ ಸಾಕು, ಕರೆಂಟಿನ ಬಿಲ್ಲು ಎಣ್ಣೆಯ ಅರ್ಧವೂ ಇಲ್ಲ, ದೊಡ್ಡದು ತಂದಿದ್ದರೆ ಒಲೆ ಬೇಕಾಗುತ್ತಿರಲಿಲ್ಲ, ನಾವು ಅಳೆದದ್ದು ತಪ್ಪು ಎಂದೆ. ಮೇಷ್ಟ್ರು ಕಾಫಿ ಮುಟ್ಟಲಿಲ್ಲ. ನಾಲ್ಕು ಮನೆಯವರು ನಿನ್ನ ವಿಳಾಸ ಬರೆದುಕೊಂಡರು. ಆ ಹೆಂಗಸೂ ಬರೆದುಕೊಂಡಳು. ಪತ್ರ ಬಂದರೆ ಮೊದಲು ಸೌದೆ ಕೇಳು.

ಮತದಾನದಲ್ಲಿ ನಿಮ್ಮ ಕಡೆಯವರು ಕೂದಲೆಳೆಯಲ್ಲಿ ಹಿಂದೆ ಬಿದ್ದರಂತೆ. ಅದಕ್ಕೆ ಕಾರಣ ನಿನ್ನ ತಿದ್ದುಪಡಿ ಚೀಟಿ ಎಂದು ಅವರು ಅಂದಿರಬಹುದು. ನೀನು ಬರೆದಿಲ್ಲ, ನಾನೇ ಊಹಿಸಿದೆ. ನಾನು ನಿಮಗೇ ಹಾಕಿದೆ. ಹೆಲ್ಗೆ ಯಾರಿಗೆ ಹಾಕಿದನೋ ಹೇಳುವುದಿಲ್ಲ.

ಅವನು ಮೆತ್ತಗಾಗಿಲ್ಲ. ಹೊಲದ ಹಿಮ ಸುತ್ತೆಲ್ಲ ಕರಗುತ್ತಿದ್ದರೂ ಕೊಳವೆ ಹೂತ ಕಡೆ ಮಣ್ಣು ಇನ್ನೂ ಕಲ್ಲು. ಆಲೂಗಡ್ಡೆ ನೆಡುವುದು ತಡವಾಗುತ್ತದೆ. "ಇದೂ ಅವಳ ಕೋಷ್ಟಕದಲ್ಲಿ ಇರಲಿಲ್ಲ" ಎಂದ. ಬೂಟು ಕಳಚುತ್ತಾ, "ಜೂನಲ್ಲಿ ಬರ್ಲಿ. ಕಳ್ಳ ಅಂದಿದ್ದನ್ನ ನನ್ನ ಮುಖ ನೋಡಿ ವಾಪಸ್ ತಗೊಳ್ಳಲಿ. ಆಮೇಲೆ ಗುದ್ದಲಿ ಕೊಡ್ತೀನಿ" ಎಂದ. ಅವನ ಬಾಯಲ್ಲಿ ಇದು ಕರೆಯೇ ಸರಿ. ಬಾ.

ಸಿಗ್ನೆ ಇಲ್ಲಿಗೆ ಬಂದ ದಿನದಿಂದ ದಾದಿ ಹೇಳಿದಂತೆ ಉಣ್ಣೆಯ ಟೋಪಿ ಹಾಕಿಯೇ ಮಲಗಿಸುತ್ತಿದ್ದೆ. ನಿನ್ನೆ ಸಂಜೆ ತೆಗೆದೆ. ಹಾಗೇ ಮಲಗಿದಳು. ಎದ್ದು ಎದ್ದು ಹೋಗಿ ತಲೆ ಮುಟ್ಟಿ ನೋಡಿದೆ. ಬೆಚ್ಚಗೇ ಇತ್ತು.

ನಿನ್ನ ಗುನ್ವೋರ್